ಕಸುಬು ಕಲಿಯೋಕೆ ಹೋದವನ ಕೈಗೆ ಪೊರಕೆ

ಈ ಸಂಚಿಕೆ ಹದಿನೈದು ದಿನ ತಡ. ಕಾರಣ ಹೇಳಲೇಬೇಕು. ನಮ್ಮ ಹಳೇ ಸೈಕ್ಲೋಸ್ಟೈಲ್ ಮಿಷನ್ನು ಕೈಕೊಟ್ಟಿತ್ತು. ಹ್ಯಾಂಡಲ್ ತಿರುಗಿಸಿದರೆ ಹಾಳೆ ಒಳಕ್ಕೆ ಹೋಗದು. ಹೋದರೆ ನಾಲ್ಕು ಒಟ್ಟಿಗೇ ಹೋಗಿ ಮುದ್ದೆಯಾಗಿ ನಿಲ್ಲುವುದು. ಬಿ.ಎ., ಎಂ.ಎ. ಅಂತ ಓದಿಕೊಂಡ ನಾವು ನಾಲ್ಕೈದು ಜನ ಅದರ ಸುತ್ತ ಕೂತು ಬೈದೆವು, ತಟ್ಟಿದೆವು, ಮೊಣಕೈವರೆಗೆ ಮಸಿ ಬಳಿದುಕೊಂಡೆವು. ಈ ಸಮಾಜದ ಯಂತ್ರವನ್ನೇ ಬಿಚ್ಚಿ ಮತ್ತೆ ಜೋಡಿಸ್ತೀವಿ ಅಂತ ರಾತ್ರಿಯೆಲ್ಲ ಮಾತಾಡುವ ನಮಗೆ ಒಂದು ರೋಲರ್ ಬಿಚ್ಚೋದು ಬರಲಿಲ್ಲ.

ಕೊನೆಗೆ ಕೇರಿಯ ಹುಡುಗನೊಬ್ಬ ಬಂದ. ಐ.ಟಿ.ಐ.ನಲ್ಲಿ ಎರಡು ವರ್ಷ ಫಿಟ್ಟರ್ ಓದಿ ಪಾಸಾದವನು. ಒಂದು ಸ್ಕ್ರೂಡ್ರೈವರ್ ಕೇಳಿದ, ಒಂದು ಸ್ಪ್ಯಾನರ್ ಕೇಳಿದ, ಒಂದು ಹಳೇ ಬಟ್ಟೆ ಕೇಳಿದ. ಮಿಷನ್ನಿಗೆ ಕಿವಿಗೊಟ್ಟು ನಿಧಾನವಾಗಿ ಒಂದು ಸುತ್ತು ತಿರುಗಿಸಿದ. "ರಬ್ಬರು ಸವೆದಿದೆ ಅಣ್ಣ, ಒತ್ತಡವೆಲ್ಲ ಒಂದೇ ಕಡೆ ಬೀಳ್ತಿದೆ" ಅಂದ. ಅರ್ಧ ಗಂಟೆ. ಹಾಳೆಗಳು ಒಂದರ ಮೇಲೊಂದು ಬಂದು ಬೀಳತೊಡಗಿದವು. ನೀವೀಗ ಕೈಯಲ್ಲಿ ಹಿಡಿದಿರುವ ಪತ್ರಿಕೆ ಅವನು ಮಾಡಿಕೊಟ್ಟದ್ದು.

ಟೀ ಕುಡಿಯುತ್ತ ಕೇಳಿದೆವು: "ಅಪ್ರೆಂಟಿಸ್‌ಗೆ ಸೇರಿದ್ದೀಯ ಅಂತ ಕೇಳಿದ್ವಲ್ಲಪ್ಪ, ಊರಲ್ಲೇ ಇದ್ದೀಯ?"

"ಬಿಟ್ಟು ಬಂದೆ ಅಣ್ಣ" ಅಂದ. ತಲೆ ಎತ್ತಲಿಲ್ಲ.

ಅವನು ಹೇಳಿದ್ದು ಇಷ್ಟು. ಒಂದು ಕಾರ್ಖಾನೆ. ಹೆಸರು ಬೇಡ, ಒಂದರ ಹೆಸರು ಬರೆದರೆ ಮಿಕ್ಕವೆಲ್ಲ ಸಾಚಾ ಅಂತಾಗುತ್ತದೆ. ಮೊದಲ ದಿನ ಮೇಸ್ತ್ರಿ ಪ್ರೀತಿಯಿಂದಲೇ ವಿಚಾರಿಸಿದನಂತೆ. ಯಾವ ಊರು? ಊರಲ್ಲಿ ಯಾವ ಬೀದಿ? ಅಪ್ಪನ ಹೆಸರೇನು? ಮನೆದೇವರು ಯಾವುದು? ನಾಲ್ಕು ಪ್ರಶ್ನೆ. ಸರ್ಟಿಫಿಕೇಟು ನೋಡುವ ಅಗತ್ಯವೇ ಬೀಳಲಿಲ್ಲ. ಜೊತೆಗೆ ಸೇರಿದ ಉಳಿದ ಮೂವರನ್ನು ಲೇತ್ ಹತ್ತಿರ ನಿಲ್ಲಿಸಿದರು. ಇವನ ಕೈಗೆ ಪೊರಕೆ ಬಂತು. "ಮೊದಲು ಷಾಪ್ ಕ್ಲೀನಾಗಿ ಇಟ್ಕೊಳ್ಳೋದು ಕಲಿ, ಆಮೇಲೆ ಮಿಷನ್ನು" ಅಂದರಂತೆ. ಕಬ್ಬಿಣದ ಚೂರು ಗುಡಿಸಿದ, ಎಣ್ಣೆ ಒರೆಸಿದ, ಟೀ ತಂದ. ಒಂದು ತಿಂಗಳಾಯಿತು, ಎರಡಾಯಿತು, ಮೂರಾಯಿತು. ಆ 'ಆಮೇಲೆ' ಬರಲಿಲ್ಲ. ಒಂದು ದಿನ ಕಕ್ಕಸಿನ ಮೋರಿ ಕಟ್ಟಿತು. ಯಾರೂ ಇವನ ಹೆಸರು ಹೇಳಲಿಲ್ಲ. ಎಲ್ಲರೂ ಇವನ ಕಡೆ ನೋಡಿದರು. ಮಾರನೇ ದಿನ ಬೆಳಗಿನ ಬಸ್ಸಿಗೆ ಊರಿಗೆ ಬಂದ. ಯಾರಿಗೂ ಹೇಳಲಿಲ್ಲ, ಒಂದು ಕಾಗದವನ್ನೂ ಬರೆದುಕೊಡಲಿಲ್ಲ.

ಈಗ ಗಾರೆ ಕೆಲಸಕ್ಕೆ ಹೋಗುತ್ತಾನೆ. ಅವನ ತಾಯಿ ಹೇಳುತ್ತಾರೆ: "ಹೋಗ್ಲಿ ಬಿಡ್ರಪ್ಪ, ದಿನದ ಕೂಲಿ ದಿನ ಬತ್ತದೆ. ಆ ಕಾಗದಕ್ಕೆ ಸೈನು ಹಾಕುವಾಗ್ಲೇ ನನ್ನ ಎದೆ ಹೊಡ್ಕೊಂಡಿತ್ತು. ನಮ್ಮಪ್ಪನೂ ಹಿಂಗೇ ಗೌಡ್ರ ಮನೇಲಿ ಒಂದು ಕಾಗದಕ್ಕೆ ಹೆಬ್ಬೆಟ್ಟು ಒತ್ತಿದ್ದ. ಮುನ್ನೂರು ರೂಪಾಯಿಗೆ ಹನ್ನೊಂದು ವರ್ಷ ದನ ಕಾದ."

ಗೆಳೆಯರೇ, ಈ ತಾಯಿಯ ಮಾತಿಗೆ ಉತ್ತರ ಕೊಡದೆ ಯುವಕರಿಗೆ 'ತರಬೇತಿಗೆ ಸೇರಿ' ಅಂತ ಭಾಷಣ ಮಾಡುವ ಹಕ್ಕು ನಮಗಿಲ್ಲ. ಸರ್ಕಾರದ ಜಾಹೀರಾತಿನಲ್ಲಿ ಹೆಲ್ಮೆಟ್ ಹಾಕಿ ನಗುವ ಹುಡುಗನ ಚಿತ್ರವಿರುತ್ತದೆ. ಆ ಹುಡುಗನಿಗೆ ಯಾವ ಬೀದಿ ಅಂತ ಯಾರೂ ಕೇಳಿರುವುದಿಲ್ಲ.

ಕಲಿಸುವುದಕ್ಕೆ ಮುಂಚೆ ಜಾತಿ ಕೇಳುವುದು ಈ ದೇಶದ ಹಳೇ ರೋಗ. ಏಕಲವ್ಯನ ಕಥೆ ಎಲ್ಲರಿಗೂ ಗೊತ್ತು. ಪುರಾಣಿಕರು ಅದನ್ನು ಗುರುಭಕ್ತಿಯ ಕಥೆ ಅಂತ ಹೇಳಿಕೊಂಡು ಬಂದರು. ಕಲಿಸದೆಯೇ ಫೀಜು ವಸೂಲಿ ಮಾಡಿದ ಕಥೆ ಅದು. ಪುರಾಣ ಬಿಡಿ, ಯಂತ್ರ ಬಂದ ಮೇಲೂ ಹಾಗೇ ಆಯಿತು. ಮುಂಬಯಿಯ ಬಟ್ಟೆ ಗಿರಣಿಗಳಲ್ಲಿ ಹೆಚ್ಚು ಕೂಲಿಯಿದ್ದದ್ದು ನೇಯ್ಗೆ ವಿಭಾಗಕ್ಕೆ. ಅಲ್ಲಿ ಲಾಳಿಯ ತೂತಿನೊಳಗಿಂದ ನೂಲನ್ನು ಬಾಯಿಂದ ಎಳೆಯಬೇಕಿತ್ತು. ಅಸ್ಪೃಶ್ಯರ ಎಂಜಲು ತಾಗಿದ ಲಾಳಿಯನ್ನು ನಾವು ಮುಟ್ಟೋದಿಲ್ಲ ಅಂತ ಸವರ್ಣೀಯ ಕಾರ್ಮಿಕರು ನಮ್ಮವರನ್ನು ಆ ವಿಭಾಗದ ಬಾಗಿಲಲ್ಲೇ ತಡೆದರು. 1928ರ ದೊಡ್ಡ ಮುಷ್ಕರದ ಕಾಲದಲ್ಲಿ ಬಾಬಾಸಾಹೇಬರು ಕಾರ್ಮಿಕ ನಾಯಕರ ಮುಂದೆ ಇಟ್ಟದ್ದು ಇದೇ ಪ್ರಶ್ನೆಯನ್ನು. ಮಾಲೀಕನ ವಿರುದ್ಧ ಎಲ್ಲರೂ ಒಂದೇ. ಲಾಳಿಯ ಮುಂದೆ ಮಾತ್ರ ಬೇರೆ ಬೇರೆ. ಇದು ಯಾವ ಸೀಮೆಯ ಕ್ರಾಂತಿ?

ಬಾಬಾಸಾಹೇಬರೂ ಇದನ್ನು ಉಂಡವರೇ. 1917ರಲ್ಲಿ ಕೊಲಂಬಿಯಾದಲ್ಲೂ ಲಂಡನ್ನಿನಲ್ಲೂ ಓದಿ ಬರೋಡಾ ಸಂಸ್ಥಾನದ ಕೆಲಸಕ್ಕೆ ಸೇರಿದಾಗ, ಆಫೀಸಿನ ಜವಾನರು ಕೂಡ ಫೈಲುಗಳನ್ನು ದೂರದಿಂದ ಎಸೆಯುತ್ತಿದ್ದರು. ಇರಲು ಮನೆ ಸಿಗಲಿಲ್ಲ. ಪಾರ್ಸಿಗಳ ಛತ್ರದಿಂದ ಹೊರದಬ್ಬಿದರು. ಅಷ್ಟು ಓದಿದವರಿಗೇ ಹೀಗಾದರೆ ಐ.ಟಿ.ಐ. ಹುಡುಗನಿಗೆ ಪೊರಕೆ ಬಂದದ್ದು ಆಶ್ಚರ್ಯವೇ? ಆದರೆ ಅವರು ಬರೋಡಾ ಬಿಟ್ಟರೇ ಹೊರತು ಹಟ ಬಿಡಲಿಲ್ಲ. 1942ರಲ್ಲಿ ವೈಸರಾಯ್‌ಗೆ ಕೊಟ್ಟ ಮನವಿಪತ್ರದಲ್ಲಿ ನಮ್ಮ ಮಕ್ಕಳಿಗೆ ತಾಂತ್ರಿಕ ಶಿಕ್ಷಣ ಬೇಕು ಅಂತ ಕೇಳಿದರು. ಸರ್ಕಾರಿ ಛಾಪಖಾನೆಗಳಲ್ಲಿ, ರೈಲ್ವೆ ವರ್ಕ್‌ಷಾಪುಗಳಲ್ಲಿ ಅವರನ್ನು ಅಪ್ರೆಂಟಿಸ್ ಆಗಿ ತಗೊಳ್ಳಿ ಅಂತ ಕೇಳಿದರು. ಬಾಬಾಸಾಹೇಬರ ಕೈಯಲ್ಲಿ ಪುಸ್ತಕ ಇಟ್ಟು ಪ್ರತಿಮೆ ನಿಲ್ಲಿಸಿದ ನಾವು, ಅವರು ನಮ್ಮ ಕೈಗೆ ಪುಸ್ತಕದ ಜೊತೆ ಸ್ಪ್ಯಾನರನ್ನೂ ಕೊಡಬೇಕು ಅಂದದ್ದನ್ನು ಮರೆತಿದ್ದೇವೆ.

ನಮಗೆ ಕಸುಬು ಗೊತ್ತಿಲ್ಲ ಅನ್ನುವುದು ಕೂಡ ಸುಳ್ಳು. ಹಸಿ ಚರ್ಮಕ್ಕೆ ಸುಣ್ಣ ಎಷ್ಟು ದಿನ, ತಂಗಡಿ ತೊಗಟೆಯ ನೀರು ಎಷ್ಟು ದಿನ ಅಂತ ನಮ್ಮ ಅಜ್ಜಂದಿರ ಮೂಗಿಗೆ ಗೊತ್ತಿತ್ತು. ತಮಟೆಯನ್ನು ಬೆಂಕಿಗೆ ಎಷ್ಟು ದೂರ ಹಿಡಿದರೆ ಯಾವ ನಾದ ಬರುತ್ತದೆ ಅಂತ ಅವರ ಬೆರಳಿಗೆ ಗೊತ್ತಿತ್ತು. ಅಪ್ಪನಿಂದ ಮಗನಿಗೆ, ಅವ್ವನಿಂದ ಮಗಳಿಗೆ ಬಂದ ಆ ವಿದ್ಯೆಗೆ ಯಾವನೂ ಸರ್ಟಿಫಿಕೇಟು ಕೊಡಲಿಲ್ಲ. 'ಹೊಲಸು' ಅಂತ ಹೆಸರು ಕೊಟ್ಟರು. ಚರ್ಮ ಕಾರ್ಖಾನೆಗೆ ಹೋಗಿ ಲಾಭ ತರತೊಡಗಿದ ಮೇಲೆ ಅದೇ ವಿದ್ಯೆ 'ಟೆಕ್ನಾಲಜಿ' ಆಯಿತು. ಆಗ ನಾವು 'ಅನ್‌ಸ್ಕಿಲ್ಡ್' ಆದೆವು!

ಈಗ ಆ ತಾಯಿ ಹೆದರಿದ ಕಾಗದದ ವಿಚಾರಕ್ಕೆ ಬರೋಣ. ಸರ್ಕಾರಿ ಕನ್ನಡದಲ್ಲಿ ಅಪ್ರೆಂಟಿಸ್‌ಗೆ 'ಶಿಶಿಕ್ಷು' ಅಂತಾರೆ. ಬಾಯಲ್ಲಿ ಹೊರಳದ ಪದ. ಕಲಿಯಲು ಬಯಸುವವನು ಅಂತ ಅರ್ಥ. ಇವರಿಗಾಗಿ ಇರುವುದು 1961ರ ಅಪ್ರೆಂಟಿಸ್ ಕಾಯಿದೆ. ಈ ಕಾಯಿದೆಯಲ್ಲಿ ಪರಿಶಿಷ್ಟ ಜಾತಿ, ಪಂಗಡದವರಿಗೆ ತರಬೇತಿಯ ಜಾಗ ಮೀಸಲಿಡಬೇಕು ಅನ್ನುವ 3ಎ ಕಲಂ ಸೇರಿದ್ದು 1973ರ ತಿದ್ದುಪಡಿಯಲ್ಲಿ. ಅದು ಖಾಸಗಿ ಕಾರ್ಖಾನೆಗೂ ಅನ್ವಯ. ಅದೇ 1973ರಲ್ಲಿ ಬಸವಲಿಂಗಪ್ಪನವರ 'ಬೂಸಾ' ಮಾತಿಗೆ ನಮ್ಮ ಹುಡುಗರು ಹಾಸ್ಟೆಲುಗಳಲ್ಲಿ ಏಟು ತಿಂದರು. ಬೀದಿಯ ಗಲಾಟೆ ನಮಗೆಲ್ಲ ನೆನಪಿದೆ. ಕಾಯಿದೆ ಪುಸ್ತಕದಲ್ಲಿ ಸದ್ದಿಲ್ಲದೆ ಸೇರಿದ ಆ ಒಂದು ಕಲಂ ಮಾತ್ರ ನಮ್ಮಲ್ಲಿ ಎಷ್ಟು ಜನಕ್ಕೆ ಗೊತ್ತು?

ಜೀತದ ಕಾಗದದಲ್ಲಿ ಬರೆದಿದ್ದದ್ದು ನಮ್ಮವನು ಏನು ಮಾಡಬೇಕು ಅಂತ ಮಾತ್ರ. ಗೌಡ ಏನು ಮಾಡಬೇಕು ಅಂತ ಒಂದಕ್ಷರವೂ ಇರಲಿಲ್ಲ. ಅಪ್ರೆಂಟಿಸ್ ಒಪ್ಪಂದ ಹಾಗಲ್ಲ, ಮಾಲೀಕನನ್ನೂ ಕಟ್ಟುತ್ತದೆ. ಆ ಕಸುಬನ್ನು ಕಲಿಸುವುದು ಅವನ ಹೊಣೆ. ಕಲಿಸಲು ಅರ್ಹತೆಯಿರುವ ಒಬ್ಬರನ್ನು ನೇಮಿಸುವುದು ಅವನ ಹೊಣೆ. ತಿಂಗಳು ತಿಂಗಳು ಸ್ಟೈಪೆಂಡ್ ಕೊಡಬೇಕು. ತರಬೇತಿಯಲ್ಲಿ ಗಾಯವಾದರೆ ಪರಿಹಾರ ಕೊಡಬೇಕು. ಅಪ್ರೆಂಟಿಸ್ ಸಲಹೆಗಾರರ ಒಪ್ಪಿಗೆಯಿಲ್ಲದೆ ಓವರ್‌ಟೈಮ್ ಮಾಡಿಸುವಂತಿಲ್ಲ. ಎಲ್ಲಕ್ಕಿಂತ ಮುಖ್ಯವಾದ ಮಾತು ಇದು: ತರಬೇತಿಗೆ ಸಂಬಂಧವಿಲ್ಲದ ಕೆಲಸಕ್ಕೆ ಅಪ್ರೆಂಟಿಸನ್ನು ಹಚ್ಚುವುದು 30ನೇ ಕಲಮಿನ ಪ್ರಕಾರ ಅಪರಾಧ. ನಮ್ಮ ಹುಡುಗನಿಗೆ ಕೊಟ್ಟ ಆ ಪೊರಕೆ ಅವಮಾನವಷ್ಟೇ ಆಗಿರಲಿಲ್ಲ, ಕಾನೂನುಬಾಹಿರವೂ ಆಗಿತ್ತು. ಅದು ಅವನಿಗೆ ಗೊತ್ತಿರಲಿಲ್ಲ. ನಾವು ಹೇಳಿರಲಿಲ್ಲ.

ಹಾಗಂತ ಕಾಯಿದೆಯನ್ನು ಪೂಜೆ ಮಾಡೋದು ಬೇಡ. ಇದೇ ಕಾಯಿದೆ ಅಪ್ರೆಂಟಿಸ್ ಕಲಿಯುವವನು, ಕಾರ್ಮಿಕನಲ್ಲ ಅನ್ನುತ್ತದೆ. ಆದ್ದರಿಂದ ಕಾರ್ಮಿಕ ಕಾನೂನುಗಳ ಆಸರೆ ಅವನಿಗೆ ಸಿಗುವುದಿಲ್ಲ. ತರಬೇತಿ ಮುಗಿದ ಮೇಲೆ ಕೆಲಸ ಕೊಡಲೇಬೇಕು ಅಂತ ಮಾಲೀಕನಿಗೆ ಕಡ್ಡಾಯವಿಲ್ಲ. ಹಿಂದೆ ಕಾಯಿದೆ ಮುರಿದವನಿಗೆ ಜೈಲಿನ ಭಯವಾದರೂ ಇತ್ತು. 2014ರ ತಿದ್ದುಪಡಿ ಜೈಲನ್ನು ತೆಗೆದು ದಂಡ ಮಾತ್ರ ಉಳಿಸಿತು. ಸಂಬಂಧವಿಲ್ಲದ ಕೆಲಸ ಮಾಡಿಸಿದರೆ ಅದು ಗೊತ್ತುಮಾಡಿದ ದಂಡ ಒಂದು ಸಲಕ್ಕೆ 1000 ರೂಪಾಯಿ. ಕೋಟಿಗಟ್ಟಲೆ ವಹಿವಾಟಿನವನಿಗೆ ಅದು ಒಂದು ಸಂಜೆಯ ಟೀ-ಬಿಸ್ಕತ್ತಿನ ಖರ್ಚು. ಮೀಸಲಿನ ಕಲಂ ಜಾಗ ಕೊಡಿಸುತ್ತದೆ. ಮೇಸ್ತ್ರಿಯ ಬಾಯಿ ಬಿಡಿಸಿ ವಿದ್ಯೆ ಹೇಳಿಸುವ ಶಕ್ತಿ ಅದಕ್ಕಿಲ್ಲ.

ನಮ್ಮ ಗೆಳೆಯರಲ್ಲೇ ಕೆಲವರು ಕೇಳುತ್ತಾರೆ: "ಇದೆಲ್ಲ ಬಂಡವಾಳಶಾಹಿಗೆ ಅಗ್ಗದ ಕೂಲಿ ಒದಗಿಸೋ ಉಪಾಯ. ಒಬ್ಬನನ್ನ ಒಂದು ವರ್ಷ ದುಡಿಸಿ ಕಳಿಸ್ತಾರೆ, ಮುಂದಿನ ವರ್ಷ ಇನ್ನೊಬ್ಬ. ಹೋಗೋದ್ಯಾಕೆ?" ಅವರ ಮಾತು ಪೂರ್ತಿ ಸುಳ್ಳಲ್ಲ. ಒಂದು ಕಾಲದಲ್ಲಿ ಬೆಂಗಳೂರಿನ ಎಚ್.ಎ.ಎಲ್., ಎಚ್.ಎಂ.ಟಿ., ಬಿ.ಇ.ಎಲ್. ಗೇಟಿನೊಳಗೆ ಅಪ್ರೆಂಟಿಸ್ ಆಗಿ ಕಾಲಿಟ್ಟವನು ಕಾಯಂ ಆಗುವ ಆಸೆ ಇಟ್ಟುಕೊಳ್ಳಬಹುದಿತ್ತು. ಆ ಸಂಬಳದಲ್ಲಿ ಮಕ್ಕಳನ್ನು ಓದಿಸಿದ ಮನೆಗಳು ನಮ್ಮ ಕೇರಿಗಳಲ್ಲೂ ಇವೆ. ದೇಶಕ್ಕೆಲ್ಲ ಗಡಿಯಾರ ಕಟ್ಟಿದ ಎಚ್.ಎಂ.ಟಿ.ಯ ವಾಚ್ ಕಂಪನಿಯನ್ನೇ ಮುಚ್ಚಲು 2016ರಲ್ಲಿ ಕೇಂದ್ರ ಸಂಪುಟ ಒಪ್ಪಿಗೆ ಕೊಟ್ಟಿತು. ಕಾಯಂ ಅನ್ನುವ ಪದವೇ ಸವೆದುಹೋಗಿದೆ.

ಆದರೂ ನಾವು ಹೇಳುವುದು ಒಂದೇ: ಹೋಗಬೇಕು. ಯಾಕೆಂದರೆ ಆ ವರ್ಷದ ಕೊನೆಗೆ ಕೈಯಲ್ಲಿ ಎರಡು ವಸ್ತು ಉಳಿಯುತ್ತವೆ. ಒಂದು, ರಾಷ್ಟ್ರೀಯ ಅಪ್ರೆಂಟಿಸ್ ಸರ್ಟಿಫಿಕೇಟು. ಅದನ್ನು ಬೇರೆ ಕಡೆ ತೋರಿಸಬಹುದು. ಇನ್ನೊಂದು, ಕೈಗೆ ಇಳಿದ ವಿದ್ಯೆ. ಹೊಲವನ್ನು ಕಿತ್ತುಕೊಳ್ಳಬಹುದು, ಗುಡಿಸಲಿಗೆ ಬೆಂಕಿ ಇಡಬಹುದು. ಕೂದಲೆಳೆಯ ದಪ್ಪ ಅಳೆಯಲು ಕಲಿತ ಬೆರಳನ್ನು ಯಾವ ಗೌಡನೂ ಹರಾಜು ಹಾಕಲಾರ. ನಾವು ಹೋಗದೆ ಉಳಿದರೆ ಆ ಜಾಗಗಳು ಖಾಲಿ ಇರುವುದಿಲ್ಲ. 'ಪರಿಶಿಷ್ಟರಲ್ಲಿ ಅರ್ಹರು ಬರಲಿಲ್ಲ' ಅಂತ ಬರೆದು ಇನ್ಯಾರನ್ನೋ ಕೂರಿಸುತ್ತಾರೆ. ಆ ವಾಕ್ಯ ಬರೆಯುವ ಸಂತೋಷವನ್ನು ಅವರಿಗೆ ನಾವ್ಯಾಕೆ ಕೊಡಬೇಕು?

ಹೋಗುವವರು ಕಣ್ಣು ಬಿಟ್ಟುಕೊಂಡು ಹೋಗಬೇಕು. ಅದಕ್ಕೇ ಕೆಲವು ಮಾತು, ಬಿಡಿಸಿ ಹೇಳುತ್ತೇವೆ.

ಮೊದಲು ಕೇಳಬೇಕಾದ್ದು: ನನ್ನನ್ನು ತಗೊಳ್ತಿರೋದು ಕಾಯಿದೆಯ ಪ್ರಕಾರ ಅಪ್ರೆಂಟಿಸ್ ಆಗಿಯೋ, ಸುಮ್ಮನೆ 'ಟ್ರೈನಿ' ಅಂತಲೋ? ಟ್ರೈನಿ ಅನ್ನೋದು ಯಾರು ಬೇಕಾದರೂ ಇಡಬಹುದಾದ ಹೆಸರು. ಕಾಯಿದೆಯ ಅಪ್ರೆಂಟಿಸ್‌ಗೆ ಒಪ್ಪಂದವಿರುತ್ತದೆ, ಕೇಂದ್ರ ಸರ್ಕಾರದ ಅಪ್ರೆಂಟಿಸ್ ಪೋರ್ಟಲಿನಲ್ಲಿ ನೋಂದಣಿಯಿರುತ್ತದೆ, ಅದಕ್ಕೊಂದು ನಂಬರಿರುತ್ತದೆ. ಆ ನಂಬರು ಬರೆದಿಟ್ಟುಕೊಳ್ಳಿ. ನಿಮ್ಮ ಹೆಸರಿನ ಬ್ಯಾಂಕ್ ಖಾತೆ, ಆಧಾರ್, ಅಂಕಪಟ್ಟಿ, ಜಾತಿ ಪ್ರಮಾಣಪತ್ರ ಸಿದ್ಧವಿರಲಿ. ತೋರಿಸೋದು ಮೂಲ ಪ್ರತಿ, ಕೊಡೋದು ಜೆರಾಕ್ಸ್. ಮೂಲ ಅಂಕಪಟ್ಟಿ ಒತ್ತೆ ಇಟ್ಟುಕೊಳ್ತೀವಿ ಅಂದರೆ ಅದು ಹಳೇ ಜೀತದ ವಾಸನೆ, ಕೊಡಬೇಡಿ.

ಒಪ್ಪಂದವನ್ನು ಓದದೆ ಸಹಿ ಹಾಕಬೇಡಿ. ಕಸುಬು ಯಾವುದು, ಎಷ್ಟು ತಿಂಗಳು, ಸ್ಟೈಪೆಂಡ್ ಎಷ್ಟು ಅನ್ನುವ ಮೂರನ್ನು ಬೆರಳಿಟ್ಟು ನೋಡಿ. ಇಂಗ್ಲಿಷಿನಲ್ಲಿದ್ದರೆ ಒಂದು ದಿನ ಕೇಳಿ ತಂದು ನಮಗೆ ತೋರಿಸಿ. 2019ರ ನಿಯಮದಲ್ಲಿ ಕನಿಷ್ಠ ಸ್ಟೈಪೆಂಡನ್ನು ಓದಿಗೆ ತಕ್ಕಂತೆ ತಿಂಗಳಿಗೆ 5000ದಿಂದ 9000 ರೂಪಾಯಿವರೆಗೆ ಗೊತ್ತುಮಾಡಿದ್ದರು, ಐ.ಟಿ.ಐ. ಪಾಸಾದವರಿಗೆ ಆಗ 7000. ನೀವು ಸೇರುವ ದಿನ ಎಷ್ಟಿದೆ ಅಂತ ಕೇಳಿ ತಿಳಿದುಕೊಳ್ಳಿ. ದುಡ್ಡು ಖಾತೆಗೇ ಬರಲಿ. 'ಊಟಕ್ಕೆ ಮುರಿದ್ವಿ, ಬಟ್ಟೆಗೆ ಮುರಿದ್ವಿ' ಅಂದರೆ ಯಾವ ನಿಯಮದಲ್ಲಿ ಅಂತ ಬರೆದುಕೊಡಲು ಹೇಳಿ.

ಒಂದು ನೂರು ಪುಟದ ನೋಟ್‌ಬುಕ್ ಕೊಳ್ಳಿ. ದಿನದಿನದ ಕೆಲಸದ ದಾಖಲೆಯನ್ನು ಅಪ್ರೆಂಟಿಸ್ ಇಡಬೇಕು ಅಂತ ನಿಯಮವೇ ಇದೆ. ಯಾವ ತಾರೀಖು, ಯಾವ ಮಿಷನ್ನು, ಏನು ಕಲಿಸಿದರು, ಯಾರು ಕಲಿಸಿದರು ಅಂತ ಬರೆಯಿರಿ. ಪೊರಕೆ ಕೊಟ್ಟರೆ ಪೊರಕೆ ಕೊಟ್ಟರು ಅಂತಲೇ ಬರೆಯಿರಿ. ತಾನು ಕೆಲಸ ಮಾಡಿದ ಜಾಗ ತಾನೇ ಗುಡಿಸೋದು ತಪ್ಪಲ್ಲ. ಎಲ್ಲರೂ ಸರದಿಯಲ್ಲಿ ಗುಡಿಸಿದರೆ ಅದು ಶಿಸ್ತು. ಒಬ್ಬನೇ, ದಿನಾ ಗುಡಿಸಿದರೆ ಅದು ಜಾತಿ. ಆ ವ್ಯತ್ಯಾಸವನ್ನು ತೋರಿಸಿಕೊಡೋದು ತಾರೀಖು ಹಾಕಿ ಬರೆದ ನೋಟ್‌ಬುಕ್ಕೇ. ನಮ್ಮ ಹುಡುಗನ ಮೂರು ತಿಂಗಳಿಗೆ ಅಂಥದ್ದೊಂದು ನೋಟ್‌ಬುಕ್ ಇದ್ದಿದ್ದರೆ!

ತಕರಾರು ಬಂದರೆ ಸುಮ್ಮನೆ ಬಸ್ಸು ಹತ್ತಬೇಡಿ. ಹೇಳದೆ ಬಿಟ್ಟುಬಂದರೆ ದಾಖಲೆಯಲ್ಲಿ ತಪ್ಪು ನಿಮ್ಮದೇ ಆಗುತ್ತದೆ. ತರಬೇತಿಯ ಖರ್ಚು ಕೊಡಿ ಅಂತ ನಿಮ್ಮನ್ನೇ ಕೇಳಲೂ ದಾರಿಯಿದೆ. ಮಾಲೀಕ ಒಪ್ಪಂದ ಮುರಿದದ್ದು ಸಾಬೀತಾದರೆ ಪರಿಹಾರ ಕೊಡಬೇಕಾದವನು ಅವನು. ಆದ್ದರಿಂದ ಅಪ್ರೆಂಟಿಸ್ ಸಲಹೆಗಾರರಿಗೆ ಬರೆದು ದೂರು ಕೊಡಿ, ಒಂದು ಪ್ರತಿ ಇಟ್ಟುಕೊಳ್ಳಿ. ರಾಜ್ಯದಲ್ಲಿ ಇದನ್ನು ನೋಡಿಕೊಳ್ಳುವುದು ಕೈಗಾರಿಕಾ ತರಬೇತಿ ಮತ್ತು ಉದ್ಯೋಗ ಇಲಾಖೆ. ಕೇಂದ್ರದ ಕಾರ್ಖಾನೆಗಳಿಗೆ, ನಾಲ್ಕು ಅಥವಾ ಹೆಚ್ಚು ರಾಜ್ಯಗಳಲ್ಲಿ ನಡೆಯುವ ಕಂಪನಿಗಳಿಗೆ ಕೇಂದ್ರದ ಸಲಹೆಗಾರರು. ಜಾತಿ ಹಿಡಿದು ಎಲ್ಲರೆದುರು ಬೈದರೆ, ಲೋಟ ಬೇರೆ ಇಟ್ಟರೆ ಅದು ತರಬೇತಿಯ ತಕರಾರಲ್ಲ. ಅದಕ್ಕೆ 1955ರ ನಾಗರಿಕ ಹಕ್ಕು ಸಂರಕ್ಷಣೆ ಕಾಯಿದೆ, 1989ರ ದೌರ್ಜನ್ಯ ತಡೆ ಕಾಯಿದೆ ಇವೆ.

ಹೆಣ್ಣುಮಕ್ಕಳ ಮಾತು ಬಿಟ್ಟರೆ ಈ ಲೇಖನ ಅರ್ಧ ಸುಳ್ಳಾಗುತ್ತದೆ. ಗಾರ್ಮೆಂಟ್ ಫ್ಯಾಕ್ಟರಿಗೆ ನಮ್ಮ ಅಕ್ಕತಂಗಿಯರು 'ಹೆಲ್ಪರ್' ಅಂತ ಸೇರುತ್ತಾರೆ. ದಾರದ ತುದಿ ಕತ್ತರಿಸುತ್ತಾರೆ, ಬಂಡಲ್ ಹೊರುತ್ತಾರೆ. ಅವರಿಗೆ ಹೊಲಿಗೆ ಕಲಿಸುವವರು ಯಾರು? ಊಟದ ಬಿಡುವಿನಲ್ಲಿ, ಟೈಲರ್ ಎದ್ದುಹೋದ ಹತ್ತು ನಿಮಿಷ, ಹಸಿದ ಹೊಟ್ಟೆಯಲ್ಲಿ ಅವಳ ಮಿಷನ್ನಿನ ಮುಂದೆ ಕೂತು ಚಿಂದಿ ಬಟ್ಟೆ ಹೊಲಿದು ತಾವೇ ಕಲಿಯುತ್ತಾರೆ. ಸೂಪರ್‌ವೈಸರ್ ಕಂಡರೆ ಬೈಗುಳ. ಹೀಗೆ ಕದ್ದು ಕಲಿತ ಹೆಂಗಸರೇ ದೇಶವಿದೇಶಕ್ಕೆ ಅಂಗಿ ಹೊಲಿದು ಕಳಿಸುತ್ತಿರುವುದು. ಇದಕ್ಕೆ ಯಾವ ಒಪ್ಪಂದವೂ ಇಲ್ಲ, ಸರ್ಟಿಫಿಕೇಟೂ ಇಲ್ಲ. ಐ.ಟಿ.ಐ.ಯಲ್ಲಿ ಎಲೆಕ್ಟ್ರಾನಿಕ್ಸ್ ಓದಿದ ನಮ್ಮ ಹುಡುಗಿಯನ್ನು 'ದೂರ ಯಾಕೆ, ಮದುವೆ ಮಾಡೋಣ' ಅಂತ ಮನೆಯಲ್ಲಿ ಕೂರಿಸುವ ಅಪ್ಪಂದಿರಿಗೂ ಒಂದು ಮಾತು: ಮೇಸ್ತ್ರಿ ಬಾಗಿಲು ಹಾಕುವ ಮುಂಚೆ ನೀವೇ ಹಾಕಿದರೆ ಯಾರ ಮೇಲೆ ಧಿಕ್ಕಾರ ಕೂಗೋಣ?

ಕೊನೆಗೆ ನಮ್ಮ ತಪ್ಪು. ಚಳವಳಿಯಲ್ಲಿ ನಾವು ಕವಿಗಳಿಗೆ ಚಪ್ಪಾಳೆ ತಟ್ಟಿದೆವು, ಲೆಕ್ಚರರಿಗೆ ಹಾರ ಹಾಕಿದೆವು, ಆಫೀಸರಾದವನನ್ನು ವೇದಿಕೆ ಮೇಲೆ ಕೂರಿಸಿದೆವು. ಫಿಟ್ಟರ್ ಪಾಸಾದವನನ್ನು ಶಾಮಿಯಾನ ಕಟ್ಟಲು, ಮೈಕಿನ ವೈರು ಎಳೆಯಲು ಕರೆದೆವು. ಓದಿದ ತಲೆ ಮೇಲೆ, ದುಡಿಯುವ ಕೈ ಕೆಳಗೆ ಅನ್ನೋದು ಯಾರ ಸಿದ್ಧಾಂತ? ಮನುವಿನದು. ಅದು ನಮ್ಮ ಕಾರ್ಯಕರ್ತರ ಸಭೆಯಲ್ಲೂ ಚಾಪೆ ಹಾಸಿಕೊಂಡು ಕೂತಿದೆ. ಆ ಹುಡುಗ ಕಾರ್ಖಾನೆಯಲ್ಲಿ ಮೂರು ತಿಂಗಳು ಒಬ್ಬಂಟಿಯಾಗಿದ್ದಾಗ ನಾವು ನಾಲ್ಕು ವಿಚಾರ ಸಂಕಿರಣ ಮಾಡಿದ್ದೆವು. ಒಂದು ಪೋಸ್ಟ್ ಕಾರ್ಡ್ ಬರೆದಿರಲಿಲ್ಲ.

ಇನ್ನು ಮುಂದೆ ಮೂರು ಕೆಲಸ. ಐ.ಟಿ.ಐ. ಮುಗಿಸಿದ ನಮ್ಮ ಹುಡುಗ ಹುಡುಗಿಯರ ಪಟ್ಟಿಯನ್ನು ಪ್ರತಿ ಕೇರಿಯ ಗೆಳೆಯರು ಬರೆದು ಕಳಿಸಬೇಕು. ಸೇರುವ ದಿನ ಯಾರೂ ಒಬ್ಬರೇ ಗೇಟಿಗೆ ಹೋಗಬಾರದು. ಆ ಊರಿನಲ್ಲಿ ದುಡಿಯುತ್ತಿರುವ ನಮ್ಮವರೊಬ್ಬರು ಜೊತೆಗೆ ಹೋಗಬೇಕು. ಮೂರನೆಯದು, ಹೆಚ್ಚು ಕಷ್ಟದ್ದು: ಕಾರ್ಖಾನೆಗಳಲ್ಲಿ ಈಗಾಗಲೇ ಮೇಸ್ತ್ರಿ, ಆಪರೇಟರ್ ಆಗಿರುವ ನಮ್ಮವರು ತಿಂಗಳಿಗೊಂದು ಭಾನುವಾರ ಕೊಡಬೇಕು. ಕ್ಯಾಲಿಪರ್ ಹಿಡಿಯೋದು, ಡ್ರಾಯಿಂಗ್ ಓದೋದು ಕಲಿಸಬೇಕು. ಜಾತಿ ಮುಚ್ಚಿಟ್ಟುಕೊಂಡು ಬದುಕುತ್ತಿರುವ ಅಣ್ಣಂದಿರೇ, ನಿಮ್ಮ ಭಯ ನಮಗೆ ಅರ್ಥವಾಗುತ್ತದೆ. ಹೆಸರು ಹೇಳಬೇಡಿ. ವಿದ್ಯೆ ಮಾತ್ರ ಮುಚ್ಚಿಡಬೇಡಿ.

ಆ ಹುಡುಗನ ಜೊತೆ ಮತ್ತೆ ಕೂತೆವು. ಬೇರೆ ಕಡೆ ಅರ್ಜಿ ಹಾಕಲು ಒಪ್ಪಿದ್ದಾನೆ. ಹಳೇ ಕಾರ್ಖಾನೆಯ ಮೇಲೆ ದೂರು ಬರೆಯುವುದಕ್ಕೂ ಒಪ್ಪಿದ್ದಾನೆ. ಕೈ ನಡುಗಿತು, ಆದರೂ ಬರೆದ. ಅವನ ತಾಯಿ ಮಾತ್ರ ಇನ್ನೂ ಪೂರ್ತಿ ಒಪ್ಪಿಲ್ಲ. "ಆ ಕಾಗದನ ನೀವೆಲ್ಲ ಓದ್ತೀರಾ? ಪೂರ್ತಿ ಓದ್ತೀರಾ?" ಅಂತ ಎರಡು ಸಲ ಕೇಳಿದರು. ಓದ್ತೀವಿ ಅವ್ವ ಅಂತ ಮಾತು ಕೊಟ್ಟು ಬಂದಿದ್ದೇವೆ.

ಈ ಮಾತು ನಾವು ಕೊಟ್ಟದ್ದು ನಿಮ್ಮೆಲ್ಲರ ಪರವಾಗಿ. ಉಳಿಸಿಕೊಳ್ಳೋದೂ ನಿಮ್ಮೆಲ್ಲರ ಜೊತೆಗೇ.

ಜೈ ಭೀಮ್.